ಅಯ್ಯೋ ಅನ್ನುವುದು ಬೇರೆ, ಹಗುರಾಗಲಿ ಅನ್ನುವುದು ಬೇರೆ

ಈ ಸಲ ಧ್ಯಾನದ ಬಗ್ಗೆ ಬಂದ ಪತ್ರಗಳನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಡಿಸೆಂಬರ್ 21 ವಿಶ್ವ ಧ್ಯಾನ ದಿನ ಎಂದು ವಿಶ್ವಸಂಸ್ಥೆ 2024ರಲ್ಲಿ ಘೋಷಿಸಿದ ಮೇಲೆ ಇಂಥ ಪತ್ರಗಳು ಜಾಸ್ತಿ ಆಗಿವೆ. ಎಲ್ಲರ ಹೆಸರು ಬಿಟ್ಟಿದ್ದೇನೆ, ಊರು ಮಾತ್ರ ಇಟ್ಟಿದ್ದೇನೆ. ಬಳ್ಳಾರಿಯ ನರ್ಸ್ ಒಬ್ಬರ ಪತ್ರಕ್ಕೆ ಜಾಗ ತುಂಬಾ ಹೋಗಿದೆ. ಅವರು ಕೇಳಿದ್ದು ಅಷ್ಟು ದೊಡ್ಡ ಪ್ರಶ್ನೆ, ನೀವೂ ಪೂರ್ತಿ ಓದಿ.

ಪ್ರಶ್ನೆ: ನನಗೆ 54 ವರ್ಷ, ಭತ್ತದ ವ್ಯಾಪಾರ. ಆರು ವರ್ಷದಿಂದ ಬಿಪಿ ಮಾತ್ರೆ ತಗೊಳ್ತಿದ್ದೇನೆ. ಮಗ ಮೊಬೈಲ್‌ನಲ್ಲಿ ಒಂದು ವಿಡಿಯೋ ತೋರಿಸಿ, ದಿನಾ ಇಪ್ಪತ್ತು ನಿಮಿಷ ಧ್ಯಾನ ಮಾಡಿದರೆ ಮಾತ್ರೆನೇ ಬೇಕಿಲ್ಲ ಅಂದ. ಹತ್ತು ದಿನದಿಂದ ಮಾತ್ರೆ ಬಿಟ್ಟು ಧ್ಯಾನ ಮಾಡ್ತಿದ್ದೇನೆ. ಮೈ ಹಗುರ ಅನಿಸುತ್ತಿದೆ. ಹೀಗೇ ಮುಂದುವರಿಸಲಾ?
ಸಿಂಧನೂರು

ಉತ್ತರ: ಬೇಡ ಅಣ್ಣಾ. ಇದನ್ನು ಓದಿದ ತಕ್ಷಣ ಹೋಗಿ ಬಿಪಿ ನೋಡಿಸಿ, ನಿಮ್ಮ ಡಾಕ್ಟರನ್ನು ಕೇಳಿ ಮಾತ್ರೆ ಮತ್ತೆ ಶುರು ಮಾಡಿ. ಮೈ ಹಗುರ ಅನಿಸುವುದಕ್ಕೂ ಬಿಪಿ ಇಳಿಯುವುದಕ್ಕೂ ಸಂಬಂಧ ಇಲ್ಲ. ಬಿಪಿ ಏರಿದ್ದು ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ, ಗೊತ್ತಾಗುವುದು ಲಕ್ವಾ ಹೊಡೆದಾಗ. ನಮ್ಮ ಮನೆಯಲ್ಲೇ ಹಾಗಾಗಿದೆ, ಮುಂದಿನ ಪತ್ರಕ್ಕೆ ಉತ್ತರ ಬರೆಯುವಾಗ ಹೇಳುತ್ತೇನೆ.

ಅಮೆರಿಕದ ಹೃದಯ ಸಂಘ 2017ರಲ್ಲಿ ಈ ಸಂಶೋಧನೆಗಳನ್ನೆಲ್ಲ ಕೂಡಿಸಿ ನೋಡಿತು. ಧ್ಯಾನದಿಂದ ಹೃದಯಕ್ಕೆ ಸ್ವಲ್ಪ ಅನುಕೂಲ ಆಗಬಹುದು, ಆದರೆ ಅದು ಔಷಧಿ, ಊಟದ ಪಥ್ಯ, ನಡಿಗೆಯ ಜೊತೆಗೆ ಇರಬೇಕು, ಅವುಗಳ ಬದಲಿಗೆ ಅಲ್ಲ ಎಂದು ಹೇಳಿತು. 2014ರಲ್ಲಿ ಅಮೆರಿಕದ ದೊಡ್ಡ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇನ್ನೊಂದು ಲೆಕ್ಕ ಬಂತು. 47 ಪ್ರಯೋಗ, ಒಟ್ಟು 3,515 ಜನ. ಆತಂಕ, ಖಿನ್ನತೆ, ನೋವು ಈ ಮೂರಕ್ಕೆ ಧ್ಯಾನದಿಂದ ಸಣ್ಣದರಿಂದ ಮಧ್ಯಮ ಮಟ್ಟದ ಉಪಯೋಗ ಕಂಡಿತು. ಔಷಧಿಗಿಂತ, ವ್ಯಾಯಾಮಕ್ಕಿಂತ ಧ್ಯಾನ ಮೇಲು ಅನ್ನುವುದಕ್ಕೆ ಮಾತ್ರ ಪುರಾವೆ ಸಿಗಲಿಲ್ಲ.

ಇದನ್ನು ನಾನು ಧ್ಯಾನವನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆತಂಕದ ಕಾಯಿಲೆ ಇದ್ದವರಲ್ಲಿ ಅರ್ಧ ಜನಕ್ಕೆ ಎಸ್ಸಿಟಲೊಪ್ರಾಮ್ ಮಾತ್ರೆ, ಇನ್ನರ್ಧ ಜನಕ್ಕೆ ಎಂಟು ವಾರದ ಧ್ಯಾನದ ತರಬೇತಿ ಕೊಟ್ಟು ನೋಡಿದ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿಗೆ ಹೆಚ್ಚುಕಮ್ಮಿ ಸಮನಾಗಿ ಗುಣ ಆಗಿತ್ತು. ಆದರೆ ಅಲ್ಲಿ ಅವರಿಗೆ ಪಳಗಿದ ಶಿಕ್ಷಕರು ಕೂತು ಕಲಿಸಿದ್ದರು, ಮನೆಯಲ್ಲಿ ದಿನಾ ಮುಕ್ಕಾಲು ಗಂಟೆ ಅಭ್ಯಾಸ ಇತ್ತು, ಮತ್ತೆ ಅದು ಆತಂಕಕ್ಕೆ, ಬಿಪಿಗೆ ಅಲ್ಲ. ನೀವು ಧ್ಯಾನ ಬಿಡಬೇಡಿ, ಮಾತ್ರೆಯನ್ನೂ ಬಿಡಬೇಡಿ. ಮುಂದೆ ಡೋಸ್ ಇಳಿಸಬೇಕು ಅಂದರೆ ಅದನ್ನು ನಿಮ್ಮ ಡಾಕ್ಟರ್ ಹೇಳಲಿ.

ಪ್ರಶ್ನೆ: ನಾನು ಸ್ಟಾಫ್ ನರ್ಸ್, ಹನ್ನೊಂದು ವರ್ಷದ ಸರ್ವಿಸ್. ಎರಡು ವರ್ಷದಿಂದ ಸುಟ್ಟ ಗಾಯದ ವಾರ್ಡ್‌ನಲ್ಲಿದ್ದೇನೆ. ಡ್ರೆಸ್ಸಿಂಗ್ ಬಿಚ್ಚುವಾಗ ಪೇಷಂಟ್ ಕೂಗಿದರೆ ನನ್ನ ಮೈಯೇ ಸುಟ್ಟ ಹಾಗೆ ಆಗುತ್ತಿತ್ತು. ಮೊದಲು ಬಾತ್‌ರೂಮಿಗೆ ಹೋಗಿ ಅತ್ತು ಬರುತ್ತಿದ್ದೆ. ಈಗ ಅಳು ಬರಲ್ಲ, ಏನೂ ಅನಿಸಲ್ಲ, ಅದೇ ನನಗೆ ಭಯ. ಮನೆಗೆ ಬಂದು ಮಗಳು ಹೋಂವರ್ಕ್ ತೋರಿಸಿದರೆ ಸಿಡುಕುತ್ತೇನೆ. ಜೊತೆಯವರು ‘ಮನಸ್ಸಿಗೆ ಹಚ್ಚಿಕೊಳ್ಳಬೇಡ, ಕಲ್ಲು ಮಾಡ್ಕೋ’ ಅಂತಾರೆ. ದಯೆ ಜಾಸ್ತಿ ಆದರೆ ಹೀಗಾಗುತ್ತಾ ಅಕ್ಕಾ? ಧ್ಯಾನ ಮಾಡಿದರೆ ಇನ್ನೂ ಮೆತ್ತಗಾಗಿಬಿಡ್ತೀನಾ?
ಬಳ್ಳಾರಿ

ಉತ್ತರ: ತಂಗಿ, ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಮೊದಲು ಒಂದು ಮಾತು. ನಿಮಗೆ ಏನೂ ಅನಿಸಲ್ಲ ಅನ್ನುವುದು ನಿಜ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ.

ದಯೆ ಜಾಸ್ತಿ ಆಗಿ ಹೀಗಾಯಿತಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ಹಿಡಿದು ಜರ್ಮನಿಯ ಟಾನಿಯಾ ಸಿಂಗರ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. 2004ರಲ್ಲಿ ಅವರು 16 ಜೋಡಿಗಳನ್ನು ಕರೆಸಿದರು. ಹೆಂಗಸು ಸ್ಕ್ಯಾನಿಂಗ್ ಮಷಿನ್ ಒಳಗೆ, ಅವಳ ಸಂಗಾತಿ ಪಕ್ಕದಲ್ಲೇ ಹೊರಗೆ. ಒಮ್ಮೆ ಅವಳ ಕೈಗೆ ಸಣ್ಣ ಕರೆಂಟ್ ಶಾಕ್, ಒಮ್ಮೆ ಅವನ ಕೈಗೆ. ಅವನಿಗೆ ಶಾಕ್ ಕೊಟ್ಟಾಗ ಅವಳ ಮೆದುಳಿನಲ್ಲಿ, ತನಗೇ ನೋವಾದಾಗ ಸಂಕಟ ಹುಟ್ಟಿಸುವ ಭಾಗ ಎದ್ದು ನಿಂತಿತು. ಅಂದರೆ ಪೇಷಂಟ್ ಕೂಗಿದಾಗ ನಿಮ್ಮ ಮೈ ಸುಟ್ಟ ಹಾಗಾಗುತ್ತಿತ್ತು ಅಂದಿರಲ್ಲ, ಅದು ಬರೀ ಮಾತಲ್ಲ. ನೋವಿನ ಸಂಕಟದ ಅರ್ಧ ನಿಮ್ಮೊಳಗೆ ನಿಜವಾಗಿಯೂ ನಡೆಯುತ್ತಿತ್ತು. ದಿನಕ್ಕೆ ಹತ್ತು ಡ್ರೆಸ್ಸಿಂಗ್ ಅಂದರೆ ಹತ್ತು ಸಲ.

ಆಮೇಲೆ ಇನ್ನೊಂದು ನಡೆಯಿತು. ಮ್ಯಾಥ್ಯೂ ರಿಕಾರ್ಡ್ ಅಂತ ಒಬ್ಬ ಬೌದ್ಧ ಭಿಕ್ಷು ಇದ್ದಾರೆ. ಫ್ರಾನ್ಸಿನವರು, ಮೊದಲು ಜೀವವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿ ಆಮೇಲೆ ಹಿಮಾಲಯಕ್ಕೆ ಬಂದು ಭಿಕ್ಷು ಆದವರು. ಸಿಂಗರ್ ಈ ಭಿಕ್ಷುವನ್ನು ಸ್ಕ್ಯಾನರ್ ಒಳಗೆ ಮಲಗಿಸಿ, ಬೇರೆಯವರ ಸಂಕಟವನ್ನು ಸುಮ್ನೆ ಅನುಭವಿಸಿ, ಬೇರೇನೂ ಮಾಡಬೇಡಿ ಅಂದರು. ರಿಕಾರ್ಡ್ ರೊಮೇನಿಯಾದ ಒಂದು ಸಂಸ್ಥೆಯಲ್ಲಿ ದಿಕ್ಕಿಲ್ಲದೆ ಬಿದ್ದಿದ್ದ ಮಕ್ಕಳನ್ನು ಸಾಕ್ಷ್ಯಚಿತ್ರವೊಂದರಲ್ಲಿ ನೋಡಿದ್ದರು, ಆ ಮಕ್ಕಳನ್ನೇ ನೆನೆದು ಅವರ ನೋವಿನೊಳಗೆ ಇಳಿದರು. ಸ್ವಲ್ಪ ಹೊತ್ತಿನಲ್ಲೇ ಸುಸ್ತಾಗಿ ಹೋದರು. ಧ್ಯಾನದಲ್ಲಿ ಹತ್ತಾರು ಸಾವಿರ ಗಂಟೆ ಕೂತ ಮನುಷ್ಯ, ತಾಳಲಿಕ್ಕಾಗುತ್ತಿಲ್ಲ ಅಂದರು. ಆಮೇಲೆ ತಾವು ಯಾವಾಗಲೂ ಮಾಡುವ ಕರುಣೆಯ ಧ್ಯಾನಕ್ಕೆ ಹೊರಳಿದರು. ಅದೇ ಮಕ್ಕಳು, ಅದೇ ನೋವು. ಆದರೆ ಈಗ ‘ಇವರ ಕಷ್ಟ ಹೋಗಲಿ, ಇವರು ಚೆನ್ನಾಗಿರಲಿ’ ಎಂಬ ಹಾರೈಕೆ, ಹೋಗಿ ಎತ್ತಿಕೊಳ್ಳಬೇಕು ಅನ್ನುವ ಪ್ರೀತಿ. ಸುಸ್ತು ಹೋಯಿತು. ಮಷಿನ್‌ನಲ್ಲೂ ಬೇರೆ ಚಿತ್ರ ಬಂತು. ಸಂಕಟದ ಭಾಗಗಳ ಬದಲಿಗೆ, ತಾಯಿ ಮಗುವನ್ನು ನೋಡಿದಾಗ ಎಚ್ಚರಗೊಳ್ಳುವಂಥ ಪ್ರೀತಿಯ, ಸಂತೋಷದ ಭಾಗಗಳು.

ಒಬ್ಬ ಭಿಕ್ಷುವಿಗೆ ಆದದ್ದು ನಮಗೆಲ್ಲ ಆಗುತ್ತಾ? ಸಿಂಗರ್ ಜೊತೆ ಕೆಲಸ ಮಾಡುತ್ತಿದ್ದ ಓಲ್ಗಾ ಕ್ಲಿಮೆಕಿ ಅದನ್ನೂ ನೋಡಿದರು. ಧ್ಯಾನವೇ ಗೊತ್ತಿಲ್ಲದ ಸಾಮಾನ್ಯ ಜನರಿಗೆ ಮೊದಲು ಬೇರೆಯವರ ನೋವನ್ನು ತಮ್ಮದಾಗಿಸಿಕೊಳ್ಳುವ ತರಬೇತಿ ಕೊಟ್ಟರು, ಆಮೇಲೆ ಕಷ್ಟದಲ್ಲಿರುವವರ ವಿಡಿಯೋ ತೋರಿಸಿದರು. ಅವರ ಸಂಕಟ ಏರಿತು. ಅದೇ ಜನಕ್ಕೆ ಕರುಣೆಯ ತರಬೇತಿ ಕೊಟ್ಟು ಅಂಥದ್ದೇ ವಿಡಿಯೋ ತೋರಿಸಿದರು. ಸಂಕಟ ಮೊದಲಿದ್ದಷ್ಟಕ್ಕೆ ಇಳಿಯಿತು, ಜೊತೆಗೆ ಒಳ್ಳೆಯ ಭಾವನೆ ಜಾಸ್ತಿ ಆಯಿತು. ಇದು 2014ರಲ್ಲಿ ಪ್ರಕಟವಾದದ್ದು. ನನಗೆ ಕೇಳಿದರೆ ಈ ವಿಷಯದಲ್ಲಿ ನಡೆದ ಎಲ್ಲ ಸಂಶೋಧನೆಗಳಲ್ಲಿ ನರ್ಸುಗಳಿಗೆ, ಆಶಾ ಕಾರ್ಯಕರ್ತೆಯರಿಗೆ, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಸೊಸೆಯಂದಿರಿಗೆ ಮೊದಲು ಹೇಳಬೇಕಾದದ್ದು ಇದೇ. ದಣಿಸುವುದು ‘ಅಯ್ಯೋ’. ದಣಿಸದೆ ಕೈ ಹಿಡಿಯುವುದು ‘ಹಗುರಾಗಲಿ’. ಎರಡೂ ಒಂದೇ ಕರುಳಿನಿಂದ ಹೊರಡುತ್ತವೆ, ಅದಕ್ಕೇ ನಾವು ಎರಡನ್ನೂ ದಯೆ ಅಂದುಬಿಡುತ್ತೇವೆ.

ನಿಮ್ಮ ಜೊತೆಯವರು ಹೇಳುವ ‘ಕಲ್ಲು ಮಾಡ್ಕೋ’ ಅನ್ನುವುದು ಮೂರನೆಯ ದಾರಿ. ಅದು ಕೆಲಸ ಮಾಡುತ್ತದೆ, ಆದರೆ ವಾರ್ಡ್‌ನಲ್ಲಿ ಕಲ್ಲಾದ ಮನಸ್ಸು ಬಸ್ ಹತ್ತಿ ಮನೆಗೆ ಬಂದ ಕೂಡಲೇ ಕರಗಲ್ಲ. ಮಗಳ ಹೋಂವರ್ಕ್ ಪುಸ್ತಕದ ಮುಂದೆಯೂ ಕಲ್ಲಾಗಿಯೇ ಕೂತಿರುತ್ತದೆ.

ನನ್ನ ಅಮ್ಮನಿಗೆ ಲಕ್ವಾ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು. ಒಂದೂವರೆ ವರ್ಷ ನಾನೇ ನೋಡಿಕೊಂಡೆ. ಕೌಲ್ ಬಜಾರಿನ ಮನೆ, ಬೇಸಿಗೆ, ಫ್ಯಾನ್ ಹಾಕಿದರೂ ಬಿಸಿ ಗಾಳಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದೆ, ಆದರೂ ಸೊಂಟದ ಕೆಳಗೆ ಹುಣ್ಣು ಆಯಿತು. ದಿನಾ ಬೆಳಿಗ್ಗೆ ಹಳೆಯ ಗಾಜ್ ಬಿಚ್ಚಿ ಸಲೈನ್‌ನಲ್ಲಿ ತೊಳೆಯಬೇಕು. ಗಾಜ್ ಚರ್ಮಕ್ಕೆ ಅಂಟಿಕೊಂಡಿರುತ್ತಿತ್ತು. ಎಳೆದಾಗ ಅಮ್ಮ ಕೂಗುತ್ತಿರಲಿಲ್ಲ, ಎಡಗೈಯಿಂದ ಮಂಚದ ಪಟ್ಟಿ ಹಿಡಿಯುತ್ತಿದ್ದಳು, ಬೆರಳ ಗೆಣ್ಣು ಬೆಳ್ಳಗಾಗುತ್ತಿತ್ತು. ನಾನು ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿ, ಬೇಗ ಬೇಗ ಮುಗಿಸಿ ಹೊರಗೆ ಬಂದುಬಿಡುತ್ತಿದ್ದೆ. ನಿಮ್ಮ ಹಾಗೇ ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದೆ, ಆಮೇಲೆ ಅಳುವುದೂ ನಿಂತಿತು.

ಈ ಸಂಶೋಧನೆ ಓದಿದ್ದು ಆಗಲೇ. ಮರುದಿನ ಗಾಜ್ ಮುಟ್ಟುವ ಮುಂಚೆ ಅಮ್ಮನ ಹಣೆಯ ಮೇಲೆ ಅಂಗೈ ಇಟ್ಟೆ. ಉದ್ದಕ್ಕೆ ಉಸಿರು ಬಿಟ್ಟೆ. ‘ಅಮ್ಮಾ, ನೋವು ಹಗುರಾಗಲಿ’ ಅಂತ ಮನಸ್ಸಿನಲ್ಲೇ ಮೂರು ಸಲ ಅಂದುಕೊಂಡೆ, ಆಮೇಲೆ ಕೈ ಹಾಕಿದೆ. ಮೊದಲ ವಾರ ಏನೂ ಅನಿಸಲಿಲ್ಲ, ಬರೀ ಬಾಯಿಪಾಠ. ಎರಡನೆಯ ವಾರದ ಹೊತ್ತಿಗೆ ನನ್ನ ಕೈ ನಿಧಾನ ಆಗಿತ್ತು. ಗಾಜ್ ಎಳೆಯುವ ಮುಂಚೆ ಸಲೈನ್ ಹಾಕಿ ನೆನೆಯಲಿ ಅಂತ ಕಾಯುವ ತಾಳ್ಮೆ ಬಂತು. ಅದು ನನಗೆ ಮೊದಲೂ ಗೊತ್ತಿತ್ತು, ಗಾಬರಿಯಲ್ಲಿ ಮಾಡುತ್ತಿರಲಿಲ್ಲ ಅಷ್ಟೇ. ಒಂದು ದಿನ ನೋಡಿದೆ, ಅಮ್ಮನ ಎಡಗೈ ಮಂಚದ ಪಟ್ಟಿ ಬಿಟ್ಟು ನನ್ನ ಸೀರೆಯ ಸೆರಗು ಹಿಡಿದಿತ್ತು.

ನೀವು ಮಾಡಬಹುದಾದದ್ದು ಹೇಳುತ್ತೇನೆ. ವಾರ್ಡ್‌ನಲ್ಲಿ ಕಣ್ಣು ಮುಚ್ಚಿ ಕೂರುವುದಕ್ಕೆ ಆಗಲ್ಲ, ಬೇಕಾಗಿಯೂ ಇಲ್ಲ. ಗ್ಲೌಸ್ ಹಾಕಿಕೊಳ್ಳುವ ಆ ಅರ್ಧ ನಿಮಿಷ ಸಾಕು. ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಿ, ಉಸಿರು ಪೂರ್ತಿ ಬಿಡಿ, ಎದುರಿಗಿರುವವರ ಮುಖ ನೋಡಿ ಒಂದು ಹಾರೈಕೆ. ಮನೆಯಲ್ಲಿ ಬೆಳಿಗ್ಗೆಯೋ ರಾತ್ರಿಯೋ ಹತ್ತು ಹದಿನೈದು ನಿಮಿಷ ಕೂತು ಇದನ್ನೇ ಅಭ್ಯಾಸ ಮಾಡಿ. ಮೊದಲು ನಿಮ್ಮನ್ನು ತುಂಬಾ ಪ್ರೀತಿಸಿದವರನ್ನು ನೆನೆಯಿರಿ, ಎದೆಯಲ್ಲಿ ಆ ಬೆಚ್ಚಗಿನದು ಬರಲಿ. ಆಮೇಲೆ ನಿಮಗೆ ನೀವೇ ಹಾರೈಸಿಕೊಳ್ಳಿ, ಇದನ್ನು ನಮ್ಮ ಹೆಂಗಸರು ಬಿಟ್ಟೇಬಿಡುತ್ತಾರೆ. ಆಮೇಲೆ ಪೇಷಂಟ್, ಆಮೇಲೆ ಉಳಿದವರು.

ಇನ್ನೊಂದು ಅಭ್ಯಾಸ ನನಗೆ ತುಂಬಾ ಇಷ್ಟ. ಸಿಂಗರ್ ತಂಡ ಸುಮಾರು 300 ಜನರ ಜೊತೆ ಒಂಬತ್ತು ತಿಂಗಳು ನಡೆಸಿದ ದೊಡ್ಡ ಅಧ್ಯಯನದಲ್ಲಿ ಜೋಡಿ ಮಾತು ಅಂತ ಒಂದಿತ್ತು. ದಿನಕ್ಕೆ ಹತ್ತು ನಿಮಿಷ, ಫೋನ್‌ನಲ್ಲೂ ಆಗುತ್ತದೆ. ಐದು ನಿಮಿಷ ಒಬ್ಬರು ಇವತ್ತು ಕಷ್ಟವಾದ ಒಂದು ಗಳಿಗೆ, ಮನಸ್ಸು ತುಂಬಿದ ಒಂದು ಗಳಿಗೆ ಎರಡನ್ನೂ ಹೇಳುತ್ತಾರೆ. ಇನ್ನೊಬ್ಬರು ಬಾಯಿ ಬಿಡದೆ ಕೇಳುತ್ತಾರೆ, ಸಲಹೆ ಇಲ್ಲ, ಸಮಾಧಾನವೂ ಇಲ್ಲ. ಆಮೇಲೆ ಅದಲುಬದಲು. 2017ರಲ್ಲಿ ಬಂದ ಫಲಿತಾಂಶ ಎಲ್ಲರಿಗೂ ಆಶ್ಚರ್ಯ ತಂದಿತು. ಬರೀ ಉಸಿರು ನೋಡುವ ಧ್ಯಾನ ಮಾಡಿದವರು ಒತ್ತಡ ಕಡಿಮೆ ಆಯಿತು ಅಂತ ಬಾಯಲ್ಲಿ ಹೇಳಿದರು, ಆದರೆ ಒತ್ತಡದ ಪರೀಕ್ಷೆಯಲ್ಲಿ ಅವರ ಮೈಯಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಇಳಿದಿರಲಿಲ್ಲ. ಜೋಡಿಯಾಗಿ ಇಂಥ ಅಭ್ಯಾಸ ಮಾಡಿದವರಲ್ಲಿ ಅದು 51 ಶೇಕಡದವರೆಗೆ ಕಡಿಮೆ ಆಗಿತ್ತು. ನಿಮ್ಮ ವಾರ್ಡ್‌ನಲ್ಲೇ ಒಬ್ಬರನ್ನು ಹುಡುಕಿಕೊಳ್ಳಿ. ಡ್ಯೂಟಿ ಬದಲಾಗುವ ಹೊತ್ತಿಗೆ ಹತ್ತು ನಿಮಿಷ ಸಿಗುತ್ತದೆ ಅಲ್ವಾ?

ಕೊನೆಗೆ, ಇದನ್ನೂ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಇಬ್ಬರು ಮಾಡುವ ಕೆಲಸವನ್ನು ಒಬ್ಬರ ಮೇಲೆ ಹಾಕಿ, ನೈಟ್ ಡ್ಯೂಟಿ ಮೇಲೆ ನೈಟ್ ಡ್ಯೂಟಿ ಹಾಕಿದರೆ ಯಾವ ಧ್ಯಾನವೂ ಅದನ್ನು ಸರಿಮಾಡಲ್ಲ. ಎರಡು ವರ್ಷ ಒಂದೇ ವಾರ್ಡ್ ಆಯಿತು, ಬದಲಿಸಿ ಅಂತ ಬರೆದುಕೊಡಿ. ಅದು ಸೋಲಲ್ಲ. ಎರಡು ವಾರಕ್ಕೂ ಮೀರಿ ನಿದ್ದೆ ಬರದೆ, ಊಟ ಸೇರದೆ, ಯಾವುದರಲ್ಲೂ ಆಸೆ ಇಲ್ಲದೆ ಇದ್ದರೆ ಮನೋವೈದ್ಯರನ್ನು ನೋಡಿ. ನೀವು ಪೇಷಂಟ್‌ಗೆ ಹೇಳುವ ಮಾತೇ ಇದು.

ಪ್ರಶ್ನೆ: ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದೇನೆ. ಎಂಟು ವಾರ ಧ್ಯಾನ ಮಾಡಿದರೆ ಮೆದುಳು ಬೆಳೆಯುತ್ತದೆ, ನೆನಪಿನ ಶಕ್ತಿ ದುಪ್ಪಟ್ಟಾಗುತ್ತದೆ ಅಂತ ಕೋಚಿಂಗ್ ಸೆಂಟರ್‌ನಲ್ಲಿ ಹೇಳಿದರು. ನಿಜಾನಾ?
ಗಂಗಾವತಿ

ಉತ್ತರ: ತಮ್ಮಾ, ದುಪ್ಪಟ್ಟು ಅನ್ನುವುದನ್ನು ಮರೆತುಬಿಡು. ಮೆದುಳು ಬೆಳೆಯುತ್ತದೆ ಅನ್ನುವ ಮಾತು ಹುಟ್ಟಿದ್ದು 2011ರ ಒಂದು ಸಣ್ಣ ಅಧ್ಯಯನದಿಂದ. ಅದರಲ್ಲಿ ಧ್ಯಾನ ಮಾಡಿದವರು 16 ಜನ ಮಾತ್ರ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗ ಸ್ವಲ್ಪ ದಟ್ಟವಾಗಿದೆ ಅಂತ ಕಂಡಿತು, ಪತ್ರಿಕೆಗಳೆಲ್ಲ ಬರೆದವು. 2022ರಲ್ಲಿ ಇನ್ನೂರಕ್ಕೂ ಜಾಸ್ತಿ ಜನರನ್ನು ಇಟ್ಟುಕೊಂಡು ಅದೇ ಎಂಟು ವಾರದ ತರಬೇತಿಯನ್ನು ಮತ್ತೆ ಪರೀಕ್ಷಿಸಿದರು, ಮೆದುಳಿನ ಆಕಾರದಲ್ಲಿ ಏನೂ ಬದಲಾವಣೆ ಸಿಗಲಿಲ್ಲ. ಇದನ್ನು ಹೇಳಿದ್ದು ಧ್ಯಾನದ ವಿರೋಧಿಗಳಲ್ಲ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಿಚರ್ಡ್ ಡೇವಿಡ್ಸನ್ ಅವರ ತಂಡ. 2004ರಲ್ಲಿ ಹತ್ತು ಸಾವಿರ ಗಂಟೆಗೂ ಜಾಸ್ತಿ ಧ್ಯಾನ ಮಾಡಿದ ಎಂಟು ಭಿಕ್ಷುಗಳ ಮೆದುಳಿನ ಅಲೆಗಳನ್ನು ಅಳೆದು ಜಗತ್ತಿಗೆ ತೋರಿಸಿದವರೂ ಅವರೇ. ತಮ್ಮ ಇಷ್ಟದ ವಿಷಯದಲ್ಲಿ ಇಲ್ಲ ಅನ್ನುವ ಉತ್ತರ ಬಂದರೂ ಅದನ್ನು ಹಾಗೇ ಪ್ರಕಟಿಸಿದರಲ್ಲ, ಅದಕ್ಕೇ ನನಗೆ ಅವರ ಮಾತಿನ ಮೇಲೆ ನಂಬಿಕೆ.

ಹಾಗಂತ ಸ್ವಲ್ಪ ದಿನದಲ್ಲಿ ಏನೂ ಆಗಲ್ಲ ಅಂತ ಅಲ್ಲ. ಅದೇ ವಿಶ್ವವಿದ್ಯಾಲಯದಲ್ಲಿ 2013ರಲ್ಲಿ ದಿನಕ್ಕೆ ಅರ್ಧ ಗಂಟೆಯಂತೆ ಎರಡು ವಾರ ಕರುಣೆಯ ಅಭ್ಯಾಸ ಮಾಡಿಸಿದರು. ಆಮೇಲೆ ಹಣದ ಒಂದು ಆಟದಲ್ಲಿ, ಅನ್ಯಾಯವಾದ ಅಪರಿಚಿತನಿಗೆ ತಮ್ಮ ಪಾಲಿನಿಂದ ಕೊಡುವಾಗ ಇವರು ಬೇರೆಯವರಿಗಿಂತ ಜಾಸ್ತಿ ಕೊಟ್ಟರು. ಪೊಲೀಸ್ ಆಗಲು ಹೊರಟವನಿಗೆ ಇದೂ ಬೇಕಾದ ವಿಷಯವೇ.

ಪರೀಕ್ಷೆಗೆ ಅಂದರೆ ಏಳು ಗಂಟೆ ನಿದ್ದೆ ಮಾಡು, ಓದಿದ್ದನ್ನು ಪುಸ್ತಕ ಮುಚ್ಚಿ ಬರೆದು ನೋಡು. ಓದಲು ಕೂರುವ ಮುಂಚೆ ಹತ್ತು ನಿಮಿಷ ಉಸಿರು ಗಮನಿಸಿದರೆ ಮನಸ್ಸು ಕೂತುಕೊಳ್ಳುತ್ತದೆ. ಅಷ್ಟು ಸಾಕು.

ಪ್ರಶ್ನೆ: ಕಣ್ಣು ಮುಚ್ಚಿ ಕೂತರೆ ಐದು ನಿಮಿಷಕ್ಕೆ ಎದೆ ಡವಡವ ಅನ್ನುತ್ತದೆ, ಹಳೆಯದೆಲ್ಲ ಕಣ್ಮುಂದೆ ಬರುತ್ತದೆ, ಬೆವರುತ್ತೇನೆ. ಕಲಿಸುವವರು ‘ಕರ್ಮ ಹೊರಗೆ ಹೋಗುತ್ತಿದೆ, ಬಿಡಬೇಡಿ’ ಅಂತಾರೆ. ನನ್ನಲ್ಲೇ ಏನೋ ಕೊರತೆ ಇದೆಯಾ?
ಕುಷ್ಟಗಿ

ಉತ್ತರ: ಇಲ್ಲ ತಾಯಿ, ನಿಮ್ಮಲ್ಲಿ ಕೊರತೆ ಇಲ್ಲ. ಸದ್ಯಕ್ಕೆ ಆ ಅಭ್ಯಾಸ ನಿಲ್ಲಿಸಿ. ಧ್ಯಾನದಿಂದ ತೊಂದರೆ ಆದವರ ಬಗ್ಗೆ 2020ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಸುಮಾರು 8 ಶೇಕಡ ಜನಕ್ಕೆ ಇಂಥದ್ದು ಆಗಿತ್ತು, ಅದರಲ್ಲಿ ಆತಂಕವೇ ಮುಂದೆ. ಹಿಂದೆ ದೊಡ್ಡ ಪೆಟ್ಟು ತಿಂದವರಿಗೆ ಕಣ್ಣು ಮುಚ್ಚಿದ ಕೂಡಲೇ ಅದು ಎದುರು ಬಂದು ನಿಲ್ಲುವುದುಂಟು. ಕಣ್ಣು ತೆರೆದೇ ಇರಿ, ನಡೆಯುತ್ತಾ ಪಾದ ಗಮನಿಸಿ, ಅಥವಾ ಜೋಳ ಹಸನು ಮಾಡುತ್ತಾ ಕೈಯಲ್ಲಿ ಮನಸ್ಸಿಡಿ.

ಆದರೆ ಆ ‘ಹಳೆಯದು’ ಏನೋ, ಅದನ್ನು ಯಾರಾದರೂ ಬಲ್ಲವರ ಹತ್ತಿರ ಹೇಳಿಕೊಳ್ಳಬೇಕು. ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ, ದುಡ್ಡು ಇಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರು ಸಿಗುತ್ತಾರೆ. ಹೋಗಲು ನಾಚಿಕೆ ಅನಿಸಿದರೆ ಒಂದು ವಿಷಯ ನೆನಪಿರಲಿ. ಮನಸ್ಸಿನ ಕಾಯಿಲೆಗೆ ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೇ ಹೋಗಬೇಕಿಲ್ಲ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಕಲಿಸಿ ಅಲ್ಲೇ ನೋಡಬಹುದು ಅಂತ 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಮಾಡಿ ತೋರಿಸಿದ್ದು ನಿಮ್ಮ ಪಕ್ಕದ ಬಳ್ಳಾರಿಯಲ್ಲಿ. ಅದನ್ನು ‘ಬಳ್ಳಾರಿ ಮಾದರಿ’ ಅಂತಲೇ ಕರೆಯುತ್ತಾರೆ. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಬುನಾದಿ. ನಮ್ಮ ಸೀಮೆಯ ಜನ ಆಗಲೇ ಧೈರ್ಯ ಮಾಡಿ ಹೋಗಿ ತೋರಿಸಿಕೊಂಡಿದ್ದರಿಂದ ಅದು ಸಾಧ್ಯ ಆಯಿತು.

ಪ್ರಶ್ನೆ: ನಮ್ಮ ಅಜ್ಜಿಗೆ ಓದು ಬರಲ್ಲ. ಬೆಳಿಗ್ಗೆ ಎದ್ದು ದೇವರ ಮುಂದೆ ಕೂತು ಮನೆಯವರ, ಎತ್ತುಗಳ, ಓಣಿಯವರ ಹೆಸರು ಒಂದೊಂದಾಗಿ ಹೇಳಿ ‘ಎಲ್ಲಾರನ್ನೂ ಛಲೋ ಇಡು ಯಪ್ಪಾ’ ಅಂತಾಳೆ. ಅರ್ಧ ಗಂಟೆ ಆಗುತ್ತದೆ. ಇದೂ ನೀವು ಹೇಳುವ ಧ್ಯಾನವೇನಾ?
ಮಸ್ಕಿ

ಉತ್ತರ: ಹೌದು ಮಗಳೇ, ಹೆಚ್ಚುಕಮ್ಮಿ ಅದೇ. ವಿಜ್ಞಾನಿಗಳು ಪ್ರಯೋಗಕ್ಕೆ ತೆಗೆದುಕೊಂಡದ್ದು ಬೌದ್ಧರ ಮೈತ್ರಿ ಧ್ಯಾನವನ್ನು. ಅಶೋಕನ ಹೆಸರಿರುವ ಶಾಸನ 1915ರಲ್ಲಿ ಸಿಕ್ಕಿದ್ದು ನಿಮ್ಮೂರಿನ ಬಂಡೆಯ ಮೇಲೆ, ಆ ಬೌದ್ಧರ ಗಾಳಿ ನಿಮ್ಮ ಸೀಮೆಗೆ ಹೊಸದೇನಲ್ಲ. ಮೈತ್ರಿ ಧ್ಯಾನದಲ್ಲೂ ಹೀಗೇ ಒಬ್ಬೊಬ್ಬರನ್ನೇ ನೆನೆದು ಹಾರೈಸುತ್ತಾ ವರ್ತುಲ ದೊಡ್ಡದು ಮಾಡಿಕೊಂಡು ಹೋಗುತ್ತಾರೆ. ಮೊದಲು ತಾನು, ಆಮೇಲೆ ತನ್ನವರು, ಆಮೇಲೆ ಗುರುತಷ್ಟೇ ಇರುವವರು, ಆಮೇಲೆ ಮನಸ್ತಾಪ ಇರುವವರು, ಕೊನೆಗೆ ಎಲ್ಲರೂ. 2008ರಲ್ಲಿ ಅಮೆರಿಕದ ಒಂದು ಕಂಪನಿಯ 139 ಕೆಲಸಗಾರರ ಮೇಲೆ ಇದನ್ನು ಏಳು ವಾರ ಪರೀಕ್ಷಿಸಿದಾಗ, ಧ್ಯಾನ ಕಲಿತವರಲ್ಲಿ ದಿನದಿನದ ಸಂತೋಷ ಏರುತ್ತಾ ಹೋಯಿತು, ಖಿನ್ನತೆಯ ಲಕ್ಷಣ ಕಡಿಮೆ ಆಯಿತು.

ಅಜ್ಜಿಯನ್ನು ಎರಡು ಪ್ರಶ್ನೆ ಕೇಳು. ತನ್ನ ಹೆಸರನ್ನೂ ಹೇಳಿಕೊಳ್ಳುತ್ತಾಳಾ? ಜಗಳ ಆಡಿ ಮಾತು ಬಿಟ್ಟವರ ಹೆಸರು ಆ ಪಟ್ಟಿಯಲ್ಲಿ ಇದೆಯಾ? ಏನಂದಳು ಅಂತ ನನಗೆ ಬರೆದು ತಿಳಿಸು.